ಕೋಸಂಬರಿಯ ಮೇಲೆ ನಾನು ಹೊರಿಸಿದ ಆರೋಪ

ಹೊಟ್ಟೆಯ ವಿಷಯದಲ್ಲಿ ನಾನು ಬಹಳ ಜಾಗ್ರತೆಯ ಮನುಷ್ಯ. ಬೆಂಗಳೂರಿಗೆ ಹೋದಾಗ ಹಲ್ಲುಜ್ಜಲೂ ಕಾಯಿಸಿ ಆರಿಸಿದ ನೀರು ಕೇಳಿ, ಸ್ವಂತ ಅತ್ತಿಗೆಯ ಬಾಯಲ್ಲಿ "ಅಮೆರಿಕದ ದೊರೆ" ಅನ್ನಿಸಿಕೊಂಡವನು.

ಆದ್ದರಿಂದ ಸ್ಯಾನ್ ಹೊಸೆಯಲ್ಲಿ ಗೆಳೆಯ ನಾಗರಾಜನ ಗೃಹಪ್ರವೇಶ ಮುಗಿದು ವಾರವಾದ ಮೇಲೆ ನನ್ನ ಹೊಟ್ಟೆ ಉಬ್ಬಿ ಮೀಟಿಂಗಿನ ನಡುವೆ ಗುಡುಗತೊಡಗಿದಾಗ, ತಪ್ಪು ನನ್ನದಲ್ಲ ಎಂಬುದು ಖಚಿತವಾಗಿತ್ತು. ಪೂಜೆಗೆ ನೀರು ತಂದುಕೊಟ್ಟು, ತೀರ್ಥ ಹಂಚಿ ಸೇವೆ ಮಾಡಿದವನಿಗೇ ಈ ಗತಿ! ಡಾಟ್‌ಕಾಮ್ ಷೇರುಗಳು ಏರುತ್ತಿದ್ದ ಕಾಲ. ನಮ್ಮ ಸ್ಟಾರ್ಟಪ್ಪಿನಲ್ಲಿ ಎಲ್ಲರೂ ಕಿಟಕಿ ಪಕ್ಕದ ಜಾಗ ಕೇಳುತ್ತಿದ್ದರೆ, ನಾನು ಬಾತ್‌ರೂಮಿನ ಪಕ್ಕದ್ದು ಕೇಳಿ ಪಡೆದೆ.

ಅಂದು ಬಂದಿದ್ದ ಇನ್ನೂ ಕೆಲವರದೂ ಇದೇ ಪಾಡು ಎಂದು ಫೋನಿನಲ್ಲಿ ತಿಳಿಯಿತು. ಊಟವನ್ನೆಲ್ಲ ನಾಗರಾಜನ ಹೆಂಡತಿ ಪ್ರೇಮಾ ಒಬ್ಬರೇ ಮಾಡಿದ್ದರು. ನಾನು ಇಂಟರ್ನೆಟ್ಟಿನಲ್ಲಿ ಸಂಶೋಧನೆ ನಡೆಸಿ, ಕೋಸಂಬರಿಯ ಹಸಿ ಸೌತೆಕಾಯಿಯೇ ಅಪರಾಧಿ ಎಂದು ತೀರ್ಮಾನಿಸಿ, ನಮ್ಮ ಕನ್ನಡ ಬಳಗಕ್ಕೆಲ್ಲ ಇಮೇಲು ಬಿಟ್ಟೆ: "ಪ್ರೇಮಾ ಅವರ ಮನೆಯಲ್ಲಿ ಸದರಿ ಕೋಸಂಬರಿಯನ್ನು ಸೇವಿಸಿದವರು ಕೂಡಲೇ ವೈದ್ಯರನ್ನು ಕಾಣತಕ್ಕದ್ದು."

"ಹೆಸರು ಹಾಕಲೇಬೇಕಿತ್ತಾ?" ಅಂದಳು ಹೆಂಡತಿ ಶಾರದಾ.

"ಸಾರ್ವಜನಿಕ ಹಿತ."

"ಮೊದಲು ನೀವು ಕಾಣಿ ವೈದ್ಯರನ್ನ."

ನಾನು ಕಾಣಲಿಲ್ಲ. ಅರಿಸಿನ ಹಾಕಿದ ಹಾಲು ಕುಡಿದೆ. ಗುಡುಗು ಹೆಚ್ಚಾಯಿತು. ಪ್ಯಾಂಟು ಸಡಿಲವಾಯಿತು. ಅಷ್ಟರಲ್ಲಿ ಶಾರದಾ ಸುದ್ದಿ ತಂದಳು: "ಮನೆಗೊಂದು ಅಡುಗೆ ತರೋ ದೀಪಾವಳಿ ಪಾಟ್‌ಲಕ್ಕಿಗೆ ಪ್ರೇಮಾಗೆ ಬರೀ ಪೇಪರ್ ಪ್ಲೇಟು ತನ್ನಿ ಅಂದರಂತೆ. ಅತ್ತುಬಿಟ್ಟಳು ಪಾಪ."

ಕಡೆಗೆ ಶಾರದಾ ನನ್ನನ್ನು ಎಳೆದುಕೊಂಡು ಹೋದ ಸಾಂಟಾ ಕ್ಲಾರಾದ ಡಾಕ್ಟರು ಮೈಸೂರಿನವರು. ನಾನು ಡಬ್ಬಿಯಲ್ಲಿ ತುಂಬಿಕೊಟ್ಟಿದ್ದರ ಪರೀಕ್ಷೆಯ ಫಲಿತಾಂಶ ನೋಡಿ ಹೇಳಿದರು: "ಜಿಯಾರ್ಡಿಯಾ. ಕಣ್ಣಿಗೆ ಕಾಣದ ಪರಾವಲಂಬಿ. ಸಣ್ಣ ಕರುಳಿಗೆ ಅಂಟಿಕೊಂಡು ಕೂತಿರತ್ತೆ."

"ಕೋಸಂಬರಿಯಿಂದ ತಾನೇ?"

"ತೊಳೆಯದೆ ಇದ್ರೆ ಬರಬಹುದು. ಆದ್ರೆ ಈ ಕಡೆ ಬೆಟ್ಟದ ಹೊಳೆ ನೀರು ಕುಡಿದು ಬರೋರೇ ಜಾಸ್ತಿ. ಕ್ಯಾಂಪಿಂಗ್ ಏನಾದ್ರೂ ಹೋಗಿದ್ರಾ?"

ನಾನು ಗೋಡೆ ನೋಡಿದೆ. ಶಾರದಾ ನನ್ನನ್ನು ನೋಡಿದಳು.

"ಹೋಗಿದ್ವಿ ಡಾಕ್ಟ್ರೇ, ಗೃಹಪ್ರವೇಶದ ಹಿಂದಿನ ವಾರ, ಯೊಸೆಮಿಟಿಗೆ. ಇವರು ಕ್ಯಾನ್ ತುಂಬ ಹೊಳೆ ನೀರು ತುಂಬ್ಕೊಂಡು ಬಂದ್ರು."

"ಯಾಕೆ?"

ಕಲಶಕ್ಕೆ ನಲ್ಲಿ ನೀರು ಶೋಭೆಯಲ್ಲ ಎಂದು. ಪೂಜೆಯಾದ ಮೇಲೆ ಅದನ್ನೇ ತೀರ್ಥವಾಗಿ ಪ್ರತಿ ಕೈಗೂ ಹಾಕಿದವನು ನಾನು. "ಇನ್ನೊಂದು ಉದ್ಧರಣೆ ತಗೊಳ್ಳಿ, ಅಪ್ಪಟ ಹೊಳೆ ನೀರು" ಎಂದು ಒತ್ತಾಯ ಬೇರೆ.

"ಅಮೆರಿಕದ ಹೊಳೆ ಅಲ್ವಾ," ಎಂದೆ ಸಣ್ಣ ದನಿಯಲ್ಲಿ.

"ಕಾಡುಪ್ರಾಣಿಗಳಿಗೆ ಅದೇ ಬಾತ್‌ರೂಮು," ಅಂದರು ಡಾಕ್ಟರು. "ಕುದಿಸದೆ ಕುಡೀಬೇಡಿ. ಕೈಯನ್ನ ಸೋಪು ಹಾಕಿ ತೊಳೀರಿ. ಮಾತ್ರೆಯ ಕೋರ್ಸು ಪೂರ್ತಿ ಮುಗಿಸಿ. ತೀರ್ಥ ತಗೊಂಡು ಹೊಟ್ಟೆ ಕೆಟ್ಟಿರೋರೆಲ್ಲ ಟೆಸ್ಟ್ ಮಾಡಿಸ್ಕೊಳ್ಳಲಿ."

ಅವರಿಗೆ ಹೇಳಬೇಕಾದವನು ಯಾರು? ನಾನೇ. ಎರಡನೆಯ ಇಮೇಲಿನಲ್ಲಿ "ಸದರಿ", "ತಕ್ಕದ್ದು" ಯಾವುದೂ ಇರಲಿಲ್ಲ. ಮಾತ್ರೆಗೆ ಬಾಯೆಲ್ಲ ತುಕ್ಕು ಹಿಡಿದ ಕಬ್ಬಿಣದ ರುಚಿ. ಅದೇ ಬಾಯಿ ಹೊತ್ತು ಪ್ರೇಮಾ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಒಳಗೆ ಹೋಗಿ ಕಾಫಿ ತಂದಿಟ್ಟರು.

"ಧೈರ್ಯವಾಗಿ ಕುಡೀರಿ. ನಲ್ಲಿ ನೀರು."

ದೀಪಾವಳಿಗೆ ಪ್ರೇಮಾ ದೊಡ್ಡ ಬೋಗುಣಿ ತುಂಬ ಕೋಸಂಬರಿ ತಂದರು. ಮೊದಲು ಖಾಲಿಯಾದದ್ದು ಅದೇ. ನಮ್ಮ ಮನೆಯಿಂದ ಪೇಪರ್ ಪ್ಲೇಟು ಹೋಗಿತ್ತು.

ಪ್ಯಾಕೆಟ್ಟು ಒಡೆಯದೇ ತನ್ನಿ ಎಂದಿದ್ದರು.