ಎಂಟನೇ ಇನ್ನಿಂಗ್ಸಿನಲ್ಲಿ ನಾನು ಬಾಯಿ ಬಿಟ್ಟಿದ್ದು

ಬೇಸ್‌ಬಾಲ್ ಆಟ ಯಾವಾಗ ಹಾಳಾಯಿತು ಎಂಬುದು ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ತೀರ್ಮಾನವಾಗುತ್ತದೆ, ಸಂಜೆಯೊಳಗೆ ಆ ತೀರ್ಮಾನ ಬದಲಾಗುತ್ತದೆ. ಚೆಂಡು ಎಸೆಯುವ ಪಿಚರ್‌ನ ಬದಲಿಗೆ ಇನ್ನೊಬ್ಬ ಬಂದು ಬ್ಯಾಟ್ ಬೀಸಬಹುದು ಎಂಬ ನಿಯಮ ಬಂತಲ್ಲ, ಅವತ್ತೇ ಹಾಳಾಯಿತು ಎಂದು ನನ್ನ ಗಂಡ ಎಲ್ಮರ್ ಬೆಳಗಿನ ಕಾಫಿ ಕುಡಿಯುತ್ತಾ ಹೇಳುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಅದು ಇನ್ನೂ ಹಿಂದಕ್ಕೆ ಸರಿದು, ಮೈದಾನಕ್ಕೆ ದೀಪ ಹಾಕಿ ರಾತ್ರಿ ಆಡಲು ಶುರುಮಾಡಿದ ವರ್ಷಕ್ಕೆ ಬಂದು ನಿಲ್ಲುತ್ತದೆ. ಹಲ್ಲುನೋವು ಬಂದ ದಿನವಂತೂ, ಆಟಗಾರರು ಬರಿಗೈ ಬಿಟ್ಟು ಕೈಗವಸು ಹಾಕಿಕೊಂಡರಲ್ಲ, ಆ ಕ್ಷಣದಲ್ಲೇ ನಾಗರಿಕತೆ ಮುಳುಗಿತು ಎನ್ನುತ್ತಾನೆ. ನಾನು ಪಾತ್ರೆ ತೊಳೆಯುತ್ತಾ ‘ಹೌದು’ ಅನ್ನುತ್ತೇನೆ. ಮೊದಮೊದಲು ‘ಹೌದಾ?’ ಅನ್ನುತ್ತಿದ್ದೆ. ಆ ಪ್ರಶ್ನೆಗೆ ಉತ್ತರ ಮುಗಿಯುವಷ್ಟರಲ್ಲಿ ನನ್ನ ಯೌವನ ಮುಗಿಯಿತು.

(ಒಂದು ವಿಷಯದಲ್ಲಿ ಮಾತ್ರ ಅವನ ಮಾತು ನನಗೂ ಒಪ್ಪಿಗೆ. ಕಪ್ಪು ಆಟಗಾರರನ್ನು ಹೊರಗಿಟ್ಟು ಆಡಿದ ಕಾಲದ ದಾಖಲೆಗಳೆಲ್ಲ ಅರ್ಧ ದಾಖಲೆಗಳೇ ಎನ್ನುತ್ತಾನೆ. ಒಪ್ಪಿಗೆ ಎಂದು ಅವನಿಗೆ ಹೇಳಿಲ್ಲ. ಹೇಳಿದರೆ ಉಳಿದಿದ್ದಕ್ಕೂ ನನ್ನ ಒಪ್ಪಿಗೆ ಇದೆ ಎಂದುಕೊಂಡು ಕುರ್ಚಿ ಎಳೆದು ಕೂತುಬಿಡುತ್ತಾನೆ.)

ಇಷ್ಟನ್ನೂ ಸಹಿಸಿಕೊಂಡಿದ್ದೆ. ಸಹಿಸಲಾಗದೆ ಹೋಗಿದ್ದು ಅಕ್ಟೋಬರ್ ತಿಂಗಳ ವಿಷಯ. ನಮ್ಮ ಮಗಳು ರೊಸಾಲಿ ಕೊನೆಗೂ ಒಬ್ಬನನ್ನು ಮೆಚ್ಚಿದ್ದಳು. ಹುಡುಗನ ಹೆಸರು ಡ್ವೈಟ್, ಪಿಯಾನೋ ಶ್ರುತಿ ಮಾಡುವ ಕೆಲಸ, ಮೆತ್ತಗಿನ ಮಾತು. ಅವನ ಕಿವಿಗಳು ಸೂಕ್ಷ್ಮ ಎಂದು ಕೇಳಿ, ಈ ಮನೆಗೆ ಅಳಿಯನಾಗಿ ಬಂದರೆ ಅವುಗಳ ಗತಿಯೇನು ಎಂದು ನನಗೆ ಚಿಂತೆಯಾಗಿತ್ತು. ಮದುವೆಗೆ, ಹಿಂದೆ ಹಂಗೇರಿಯಿಂದ ಈ ದೇಶಕ್ಕೆ ಬಂದ ನಮ್ಮವರ ಸಂಘದ ಸಭಾಂಗಣ ಬೇಕಿತ್ತು. ಅಲ್ಲಿ ಖಾಲಿಯಿದ್ದದ್ದು ಅಕ್ಟೋಬರಿನ ಒಂದು ಶನಿವಾರ, ಅದು ಬಿಟ್ಟರೆ ಜನವರಿ. ಅಕ್ಟೋಬರನ್ನೇ ನಮಗೆ ಹಿಡಿದಿಡಿ ಎಂದು ಹಠ ಮಾಡಿ ಹೇಳಿ ಬಂದಿದ್ದೆ. ಜನವರಿಯಲ್ಲಿ ಈರಿ ಸರೋವರದ ಕಡೆಯಿಂದ ಬೀಸುವ ಗಾಳಿಗೆ ನಮ್ಮೂರಿನಲ್ಲಿ ಹೆಣದ ಮೆರವಣಿಗೆಯನ್ನೂ ಮುಂದೂಡುತ್ತಾರೆ.

ಆದರೆ ಅಕ್ಟೋಬರ್ ಎಂದರೆ ಬೇಸ್‌ಬಾಲಿನ ಅಂತಿಮ ಹಣಾಹಣಿಯ ತಿಂಗಳು.

“ಅಕ್ಟೋಬರಲ್ಲಿ ಮದುವೆಯಾ? ತಮಾಷೆ ಮಾಡ್ತಿದ್ದೀಯಾ ಡೊಲೋರಿಸ್? ನಮ್ಮ ತಂಡ ಫೈನಲ್‌ಗೆ ಬಂದ್ರೆ?” ಎಂದ ಎಲ್ಮರ್.

“ನಮ್ಮ ತಂಡ ಅಕ್ಟೋಬರಷ್ಟರಲ್ಲಿ ಸೋತು ಮೀನು ಹಿಡಿಯೋಕೆ ಹೋಗಿರುತ್ತೆ. ನಾನು ಈ ಮನೆಗೆ ಬಂದಾಗಿಂದ ನೋಡ್ತಾನೇ ಇದ್ದೀನಿ.”

“ಈ ವರ್ಷ ಬೇರೆ.”

“ಹೋದ ವರ್ಷವೂ ಇದನ್ನೇ ಹೇಳಿದ್ದೆ.”

“ಹೋದ ವರ್ಷವೂ ಬೇರೆನೇ ಇತ್ತು. ಮೊಣಕೈ ಆಪರೇಷನ್ ಆಗದೆ ಇದ್ದಿದ್ರೆ...” ಮೊಣಕೈ ಯಾರದ್ದು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಮೊಣಕೈಗಳ ಇಡೀ ಇತಿಹಾಸ ಹೊರಬರುತ್ತಿತ್ತು.

ಹಾಗಾಗಿ ಒಂದು ಭಾನುವಾರ ಮಧ್ಯಾಹ್ನ ಡ್ವೈಟ್‌ನನ್ನು ಊಟಕ್ಕೆ ಕರೆದೆ. ನಮ್ಮ ಹಂಗೇರಿಯ ಕೋಳಿ ಸಾರು ಚಿಕನ್ ಪಾಪ್ರಿಕಾಶ್ ಮಾಡಿ, ಹೊಟ್ಟೆ ತುಂಬಿದ ಎಲ್ಮರ್‌ನಿಂದ ಹೇಗಾದರೂ ಒಪ್ಪಿಗೆ ಪಡೆಯಬೇಕು ಎಂಬ ಘನ ಯೋಜನೆ ನನ್ನದು. ರೇಡಿಯೋದಲ್ಲಿ ಮ್ಯಾಚು ಇತ್ತು. ಮೆಲ್ಲಗೆ ಹಾಕಿಕೊಳ್ಳುತ್ತೇನೆ, ಊಟಕ್ಕೆ ಕೂತ ಕೂಡಲೇ ಆರಿಸುತ್ತೇನೆ ಎಂದು ಎಲ್ಮರ್ ಮಾತು ಕೊಟ್ಟಿದ್ದ.

ಡ್ವೈಟ್ ಬಂದ. ಕೈಯಲ್ಲಿ ಹೂಗುಚ್ಛ, ಮುಖದಲ್ಲಿ ನಗು. ಆ ನಗು ಮೂರನೇ ಇನ್ನಿಂಗ್ಸಿನವರೆಗೆ ಇತ್ತು.

“ನೋಡಪ್ಪ, ಈ ಆಟ ಇಂಗ್ಲಿಷರ ಮಕ್ಕಳಾಟದಿಂದ ಬಂತು ಅಂತಾರಲ್ಲ, ಅವರ ಮಾತು ಕೇಳಬೇಡ,” ಎಂದು ಎಲ್ಮರ್ ಶುರುಮಾಡಿದ.

“ಇಲ್ಲ ಸರ್, ಕೇಳಲ್ಲ.”

“ಯಾವನೋ ಸೇನಾಧಿಕಾರಿ ಹಸುವಿನ ಹುಲ್ಲುಗಾವಲಲ್ಲಿ ಕಂಡುಹಿಡಿದ ಅಂತಾರಲ್ಲ, ಅದೂ ಸುಳ್ಳು.”

“ಹಾಗಾದ್ರೆ ಯಾರು ಕಂಡುಹಿಡಿದ್ರು ಸರ್?”

ಪಾಪ, ಹೊಸಬ. ಪ್ರಶ್ನೆ ಕೇಳಿಬಿಟ್ಟ. ಅದರ ಉತ್ತರ ಐದನೇ ಇನ್ನಿಂಗ್ಸಿನವರೆಗೆ ನಡೆಯಿತು. ಈಗ ಪಿಚರ್‌ನ ತಲೆಯ ಮೇಲೆ ಗಡಿಯಾರ ಇಟ್ಟು ಬೇಗ ಎಸಿ ಬೇಗ ಎಸಿ ಎನ್ನುವುದು ಸರ್ವಾಧಿಕಾರ ಎಂಬಲ್ಲಿಗೆ ಬಂದಾಗ, ಡ್ವೈಟ್ ಬಚ್ಚಲುಮನೆ ಎಲ್ಲಿದೆ ಎಂದು ನನ್ನನ್ನು ಕೇಳಿದ. ಅವನಿಗೆ ಅಲ್ಲಿ ಕೆಲಸವೇನೂ ಇರಲಿಲ್ಲ, ಸ್ವಲ್ಪ ಉಸಿರಾಡಬೇಕಿತ್ತು ಅಷ್ಟೆ. ಅದೇ ಹೊತ್ತಿಗೆ ರೊಸಾಲಿ ಸಬ್ಬಸಿಗೆ ಸೊಪ್ಪು ಕುಯ್ಯಲು ಹಿತ್ತಲಿಗೆ ಹೋದಳು.

ಆಗ ಎಲ್ಮರ್ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದ. ಗಾಬರಿಯಾಗಿ ಅಡುಗೆಮನೆ ಬಾಗಿಲಿಗೆ ಓಡಿ ಬಂದೆ.

“ಅಲ್ಲೇ ನಿಲ್ಲು!” ಎಂದ ಪಿಸುಗುಟ್ಟುತ್ತಾ. “ಯಾರೂ ಕದಲಬೇಡಿ.”

ನನಗೆ ಅರ್ಥವಾಯಿತು. ನಮ್ಮ ತಂಡದ ಎಡಗೈ ಪಿಚರ್ ಎದುರಾಳಿಗಳಿಗೆ ಅಲ್ಲಿಯವರೆಗೆ ಒಂದೇ ಒಂದು ಹಿಟ್ ಕೊಟ್ಟಿರಲಿಲ್ಲ, ಅಂದರೆ ಅವರಲ್ಲಿ ಒಬ್ಬನೂ ಅವನ ಚೆಂಡನ್ನು ಸರಿಯಾಗಿ ಹೊಡೆದು ಓಡಿರಲಿಲ್ಲ. ಹಾಗೇ ಒಂಬತ್ತು ಇನ್ನಿಂಗ್ಸ್ ಮುಗಿಸಿದರೆ ಅದಕ್ಕೆ ನೋ-ಹಿಟ್ಟರ್ ಎಂದು ಹೆಸರು. (ಮ್ಯಾಚು ಮುಗಿದಿರುವುದರಿಂದ ಈಗ ಬರೆಯಬಹುದು.) ಅದು ನಡೆಯುತ್ತಿರುವಾಗ ಆ ಹೆಸರನ್ನು ಯಾರೂ ಬಾಯಲ್ಲಿ ಹೇಳಕೂಡದು. ಹೇಳಿದರೆ ಕೆಟ್ಟಿತು. ಆಟಗಾರರು ಆ ಪಿಚರ್‌ನ ಪಕ್ಕದಲ್ಲಿ ಕೂರುವುದಿಲ್ಲ, ಅವನನ್ನು ಮಾತಾಡಿಸುವುದಿಲ್ಲ. ಕೇಳುವವರು ಎಲ್ಲಿದ್ದರೋ ಅಲ್ಲೇ ಇರಬೇಕು.

“ಡ್ವೈಟ್ ಒಳಗಿದ್ದಾನಲ್ಲ?” ಎಂದೆ.

“ಒಳಗೇ ಇರ್ಲಿ. ಅವನು ಒಳಗೆ ಹೋದ್ಮೇಲೆ ಮೂರು ಜನ ಸಾಲಾಗಿ ಔಟ್ ಆಗಿದ್ದಾರೆ.”

ಬಚ್ಚಲುಮನೆಯ ಬಾಗಿಲು ಸದ್ದಾಯಿತು. ಎಲ್ಮರ್ ಅದರ ಹಿಡಿ ಭದ್ರವಾಗಿ ಹಿಡಿದುಕೊಂಡ. “ಡ್ವೈಟ್, ಮಗನೇ, ಸ್ವಲ್ಪ ಹೊತ್ತು ಅಲ್ಲೇ ಇರು. ಕಾರಣ ಕೇಳಬೇಡ.”

“ಸರಿ ಸರ್,” ಎಂದಿತು ಒಳಗಿನ ಧ್ವನಿ. ಹಿತ್ತಲಿಗೆ ಕಿಟಕಿಯಿಂದಲೇ ಆಜ್ಞೆ ಹೋಯಿತು. ಮಗಳು ಈ ಮನೆಯಲ್ಲೇ ಹುಟ್ಟಿದವಳು, ಮರುಮಾತಿಲ್ಲದೆ ಸೊಪ್ಪಿನ ಪಕ್ಕ ಹುಲ್ಲಿನ ಮೇಲೆ ಕೂತುಬಿಟ್ಟಳು. ನಾನು ಸೌಟು ಹಿಡಿದು ಬಾಗಿಲಲ್ಲಿ. ಒಲೆಯ ಮೇಲೆ ಪಾಪ್ರಿಕಾಶ್ ತಳ ಹಿಡಿಯುತ್ತಿರುವ ವಾಸನೆ ಬರುತ್ತಿತ್ತು. ಆರನೇ ಇನ್ನಿಂಗ್ಸ್ ಹೋಯಿತು. ಏಳನೆಯದರಲ್ಲಿ ನನ್ನ ಸೊಂಟ ಹೋಯಿತು.

ಆಗ ನನ್ನ ಬುದ್ಧಿ ಕೆಲಸ ಮಾಡಿತು. ಈ ಮನುಷ್ಯನ ಜುಟ್ಟು ನನ್ನ ಕೈಗೆ ಸಿಕ್ಕಿರುವುದು ಇದೇ ಮೊದಲು, ಬಹುಶಃ ಇದೇ ಕೊನೆ.

“ಎಲ್ಮರ್, ಅಕ್ಟೋಬರ್ ಶನಿವಾರ ಮದುವೆ. ಒಪ್ಕೋ.”

“ಈಗಲಾ? ಬಾಯಿ ಮುಚ್ಚೇ!”

“ಒಪ್ಕೋ. ಇಲ್ಲಾಂದ್ರೆ ಆ ಮಾತು ಹೇಳಿಬಿಡ್ತೀನಿ.”

ಅವನ ಮುಖ ಸುಣ್ಣವಾಯಿತು. “ಡೊಲೋರಿಸ್... ನೀನು ಅಂಥವಳಲ್ಲ.”

“ನೋ...” ಎಂದೆ ನಾನು.

“ಒಪ್ದೆ! ಒಪ್ದೆ! ಅಕ್ಟೋಬರೇ ಆಗ್ಲಿ! ನಮ್ಮಮ್ಮನ ಆಣೆ!” ಎಂದು ಟೋಪಿ ತೆಗೆದು ಎದೆಗೊತ್ತಿಕೊಂಡ. ಟೋಪಿ ಎದೆಗೊತ್ತಿ ಹೇಳಿದ ಮಾತನ್ನು ಎಲ್ಮರ್ ಯಾವತ್ತೂ ಮೀರಿದವನಲ್ಲ.

ಗೆದ್ದೆ. ಇಷ್ಟು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ಬೇಸ್‌ಬಾಲ್ ನನಗೆ ಒಂದು ಉಪಕಾರ ಮಾಡಿತ್ತು. ದಣಿದ ಮೈಯಲ್ಲಿ ಎಲ್ಲಿಂದಲೋ ಹುರುಪು ಬಂತು. ಎಂಟನೇ ಇನ್ನಿಂಗ್ಸ್. ಎದುರಾಳಿಗಳಲ್ಲಿ ಇಬ್ಬರು ಔಟ್. ರೇಡಿಯೋದವನೂ ದನಿ ತಗ್ಗಿಸಿ ಮಾತಾಡುತ್ತಿದ್ದ. ಕಿಟಕಿಯಾಚೆ ಮಗಳು ಸೊಪ್ಪು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಸಂತೋಷ ಎದೆಯಲ್ಲಿ ನಿಲ್ಲಲಿಲ್ಲ.

“ರೊಸಾಲೀ! ನಿಮ್ಮಪ್ಪ ಒಪ್ಕೊಂಡ್ರು ಕಣೇ! ಅಕ್ಟೋಬರಿಗೇ! ನೋ-ಹಿಟ್ಟರ್ ಹೆಸರು ಹೇಳಿ ಹೆದರಿಸಿದ್ದಕ್ಕೆ...”

ರೇಡಿಯೋದಲ್ಲಿ ಬ್ಯಾಟು ಟಕ್ ಎಂದಿತು. ಆಮೇಲೆ ಇಡೀ ಕ್ರೀಡಾಂಗಣ ಒಟ್ಟಿಗೆ ಉಸಿರು ಬಿಟ್ಟ ಸದ್ದು. ಚೆಂಡು ಎಡಗಡೆಯ ಹುಲ್ಲಿನಲ್ಲಿ ಬಿದ್ದಿತ್ತಂತೆ. ಹಿಟ್.

ಎಲ್ಮರ್ ಬೈಯುತ್ತಾನೆ ಎಂದು ಕಾದೆ. ಬೈಯಲಿಲ್ಲ. ಹೋಗಿ ರೇಡಿಯೋ ಆರಿಸಿದ. ಮ್ಯಾಚು ಮುಗಿಯುವ ಮೊದಲು ಅವನು ರೇಡಿಯೋ ಆರಿಸಿದ್ದನ್ನು ನಾನು ಕಂಡಿದ್ದು ಅವತ್ತೇ. ಮೆಲ್ಲಗೆ ಕುರ್ಚಿಯಲ್ಲಿ ಕೂತು, “ಮಾತು ಕೊಟ್ಟಿದ್ದೀನಿ. ಅಕ್ಟೋಬರಿಗೇ ಮಾಡಿ,” ಎಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬಚ್ಚಲುಮನೆಯ ಬಾಗಿಲು ತೆರೆಯಿತು. ಡ್ವೈಟ್‌ನ ಕಣ್ಣುಗಳು ಕೆಂಪಾಗಿದ್ದವು. “ಯಾರು ಹೇಳಿದ್ದು ಅದನ್ನ?”

“ನೀನೂನಾ?” ಎಂದೆ ನಾನು ಕಂಗಾಲಾಗಿ.

“ಅಷ್ಟು ಹೊತ್ತು ಬಾತ್‌ಟಬ್ ಅಂಚಲ್ಲಿ ಕೂತಿದ್ದೆ ಮಿಸೆಸ್ ಕೊವಾಚ್, ಒಂದು ಕಾಲು ಜೋಮು ಹಿಡಿದಿತ್ತು, ಆದ್ರೂ ಕದಲಲಿಲ್ಲ. ನಿಮ್ಮನ್ನ ನಾನು ಒಳ್ಳೆಯವರು ಅಂದ್ಕೊಂಡಿದ್ದೆ.”

“ಅಯ್ಯೋ, ಆ ಮೈದಾನ ಎಲ್ಲಿದೆ, ನನ್ನ ಅಡುಗೆಮನೆ ಎಲ್ಲಿದೆ! ನಾನಿಲ್ಲಿ ಕೂಗಿದ್ರೆ ಅಲ್ಲಿ ಚೆಂಡು ತಿರುಗುತ್ತಾ? ಸ್ವಲ್ಪ ಬುದ್ಧಿ ಉಪಯೋಗಿಸ್ರಪ್ಪ!”

ಹಿತ್ತಲಿನಿಂದ ಒಳಗೆ ಬಂದ ರೊಸಾಲಿ ಸೊಪ್ಪನ್ನು ಮೇಜಿನ ಮೇಲಿಟ್ಟಳು. “ಅಮ್ಮ, ಇಷ್ಟಾದ್ಮೇಲೂ ಅಕ್ಟೋಬರಲ್ಲಿ ಮದುವೆ ಆದ್ರೆ ಅಪ್ಪನ ಮುಖ ನಾನು ಹೇಗೆ ನೋಡ್ಲಿ? ಒಂದು ಅಕ್ಟೋಬರನ್ನಾದ್ರೂ ಅವರಿಗೆ ಬಿಟ್ಟುಕೊಡೋಣ. ಜನವರಿಗೇ ಮಾಡ್ಕೊಳ್ತೀವಿ.”

“ಜನವರಿಗೇ,” ಎಂದ ಡ್ವೈಟ್. ಎಲ್ಮರ್ ಎದ್ದು ಭಾವೀ ಅಳಿಯನ ಹೆಗಲ ಮೇಲೆ ಕೈಹಾಕಿದ. ಸುಟ್ಟ ಪಾಪ್ರಿಕಾಶ್ ಅನ್ನು ಮೂವರೂ ತಾವೇ ಬಡಿಸಿಕೊಂಡು ತಿಂದರು. ಉಪ್ಪು ಕೊಡಿ ಎಂದು ಕೂಡ ನನ್ನನ್ನು ಯಾರೂ ಕೇಳಲಿಲ್ಲ.

ಮರುದಿನ ಸಭಾಂಗಣ ನೋಡಿಕೊಳ್ಳುವ ಮಿಸ್ಟರ್ ಹಾಲಾಸ್‌ಗೆ ಫೋನ್ ಮಾಡಿ, ತಾರೀಕು ಬದಲಾಯಿಸಬೇಕಿತ್ತು ಎಂದೆ.

“ಯಾಕೆ? ಅಕ್ಟೋಬರೇ ಬೇಕು ಅಂತ ಅಷ್ಟು ಹಠ ಹಿಡಿದಿದ್ರಿ?”

“ನಿನ್ನೆ ಮ್ಯಾಚು ಕೇಳಿದ್ರಾ?” ಎಂದೆ ಅಳುಕುತ್ತಾ.

ಆ ಕಡೆಯಿಂದ ಉದ್ದನೆಯ ನಿಟ್ಟುಸಿರು. “ನೆನಪಿಸಬೇಡಿ ಮಿಸೆಸ್ ಕೊವಾಚ್. ಎಲ್ಲಾ ನನ್ನ ಹೆಂಡತಿಯಿಂದ. ಎಂಟನೇ ಇನ್ನಿಂಗ್ಸಲ್ಲಿ ಆ ಮಾತು ಹೇಳಿಬಿಟ್ಲು. ನಿನ್ನೆಯಿಂದ ನಾವಿಬ್ರೂ ಮಾತಾಡ್ತಿಲ್ಲ.”

ಬದುಕಿದೆ ಎನ್ನಿಸಿತು. ತಪ್ಪು ಹೊರಲು ಇನ್ನೊಬ್ಬಳಿದ್ದಾಳೆ. ಸುಮ್ಮನಿದ್ದರೆ ಸಾಕಿತ್ತು. ಈ ಸುದ್ದಿಯನ್ನು ಮನೆಗೆ ಹೇಳಿ, ಮಾನವನ್ನೂ ಅಕ್ಟೋಬರನ್ನೂ ಒಟ್ಟಿಗೆ ವಾಪಸ್ ಪಡೆಯಬಹುದಿತ್ತು. ಆದರೆ ಇಷ್ಟು ವರ್ಷ ಎಲ್ಮರ್‌ನ ಬೇಸ್‌ಬಾಲ್ ಪುರಾಣ ಕೇಳುತ್ತಾ ಪಾತ್ರೆ ತೊಳೆದಿದ್ದು ಸುಮ್ಮನೆ ಹೋಗುತ್ತದೆಯೇ?

“ಅವರು ಹೇಳಿದಾಗ ಎಷ್ಟು ಜನ ಔಟ್ ಆಗಿದ್ರು?” ಎಂದೆ.

“ಒಬ್ಬ.”

“ಅದಾದ ಮೇಲೆ ಇನ್ನೊಬ್ಬ ಔಟ್ ಆದ ಅಲ್ವಾ? ಅಂದ್ರೆ ನಿಮ್ಮ ಹೆಂಡತಿ ಮಾತು ತಟ್ಟಲೇ ಇಲ್ಲ ಮಿಸ್ಟರ್ ಹಾಲಾಸ್. ಪಾಪ, ಅವರನ್ನ ಮಾತಾಡಿಸಿ. ನಾನು ಹೇಳಿದ್ದು ಇಬ್ಬರು ಔಟ್ ಆದ್ಮೇಲೆ, ಚೆಂಡು ಪಿಚರ್ ಕೈಯಲ್ಲಿದ್ದಾಗ. ಲೆಕ್ಕ ಹಾಕಿ ನೋಡಿ, ತಟ್ಟಿದ್ದು ನಂದೇ.”

ಆ ಕಡೆ ಬುಕಿಂಗ್ ಪುಸ್ತಕ ಟಪ್ಪೆಂದು ಮುಚ್ಚಿದ ಸದ್ದಾಯಿತು.

“ಜನವರಿಯೂ ಖಾಲಿ ಇಲ್ಲ ಮಿಸೆಸ್ ಕೊವಾಚ್,” ಎಂದು ಹೇಳಿ ಮಿಸ್ಟರ್ ಹಾಲಾಸ್ ಫೋನ್ ಇಟ್ಟುಬಿಟ್ಟರು.