ಮೊಣಕಾಲು ನೋವಿಗೆ ಮಕ್ಕಳ ಡಾಕ್ಟರು

ಊರ ಮಕ್ಕಳಿಗೆಲ್ಲ ಪಾಠ ಹೇಳುವ ಮಾಸ್ತರನಿಗೆ ಸ್ವಂತ ಮನೆಯಲ್ಲಿ ಬಾಯಿ ಬರುವುದಿಲ್ಲ. ಕನ್ನಡಿ ನೋಡಿಕೊಂಡೇ ಈ ಮಾತು ಹೇಳುತ್ತಿದ್ದೇನೆ. ಬಸವಕಲ್ಯಾಣದ ಶಾಲೆಯೊಂದರಲ್ಲಿ ನಾನು ವಿಜ್ಞಾನದ ಮಾಸ್ತರ. ಮೂತ್ರಪಿಂಡದ ಚಿತ್ರವನ್ನು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬರೆಯಬಲ್ಲೆ. ಆದರೆ ಅದೇ ಶಾಲೆಯಲ್ಲಿ ಐದನೇ ಕ್ಲಾಸು ಓದುವ ನನ್ನ ಮಗಳು ಸಂಜನಾ ಇನ್ನೂ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ ಎಂಬ ಮಾತು ಬಂದರೆ ಸಾಕು, ನನ್ನ ವಿಜ್ಞಾನವೆಲ್ಲ ಪರಾರಿ. ಮಾಳಿಗೆ ಮೇಲೆ ಒಣಗುವ ಕೌದಿ ನೋಡಿ ಬಾಜೂ ಮನೆಯ ಗಂಗಮ್ಮ, "ಇವತ್ತೂ ಕೌದಿ ಒಗದೀರೇನ್ರಿ ಸರ?" ಎಂದು ಕೇಳಿದರೆ, "ತಂಬಿಗಿ ಉರುಳ್ತರಿ" ಎನ್ನುತ್ತಿದ್ದೆ. ವಾರಕ್ಕೆ ನಾಲ್ಕು ಸಲ ಹಾಸಿಗೆಯ ಮೇಲೆ ತಂಬಿಗೆ ಉರುಳುವ ಮನೆ ಇಡೀ ಬೀದರ್ ಜಿಲ್ಲೆಯಲ್ಲಿ ನಮ್ಮದೊಂದೇ ಇರಬೇಕು.

ಅಷ್ಟರಲ್ಲಿ ಶಾಲೆಯಿಂದ ಮೂರು ದಿನದ ಶಿಬಿರದ ಚೀಟಿ ಬಂತು. ಗೆಳತಿಯರೆಲ್ಲ ಹೊರಟಿದ್ದರು. ಸಂಜನಾ ಆ ಚೀಟಿಯನ್ನು ಸಣ್ಣಗೆ ಮಡಚಿ ಕಂಪಾಸ್ ಡಬ್ಬಿಯ ತಳಕ್ಕೆ ತುರುಕಿ, "ನಾ ಒಲ್ಲೆ" ಎಂದಳು. ನನ್ನ ಹೆಂಡತಿ ಶಶಿಕಲಾಳಿಗೆ ತಡೆಯಲಾಗಲಿಲ್ಲ. "ಡಾಕ್ಟರಿಗೆ ತೋರ್ಸೂಣು ಅಂತ ಎರಡು ವರ್ಷದಿಂದ ಬಡಕೊಳ್ಳಾಕತ್ತೀನಿ. ನಿಮಗ ಕೂಸಿಗಿಂತ ಮಾನಾನೇ ಹೆಚ್ಚಾಗೇದ!" ಎಂದು ಝಾಡಿಸಿದಳು. ಆಗಲಿ ಎಂದೆ. ಆದರೆ ಊರಲ್ಲಿ ಬೇಡ, ಹುಮನಾಬಾದಿಗೆ ಹೋಗೋಣ, ಅಲ್ಲಿ ನಮ್ಮನ್ನು ಕೇಳುವವರು ಯಾರೂ ಇಲ್ಲ ಎಂದು ಭಾರೀ ಶಾಣ್ಯಾನ ಹಾಗೆ ಲೆಕ್ಕ ಹಾಕಿದೆ.

ಬಸ್ಸಿನಲ್ಲಿ ನಮ್ಮ ಶಾಲೆಯ ಗಣಿತದ ಪಾಟೀಲ ಸರ್ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕುಳಿತಿದ್ದರು. "ಎಲ್ಲಿಗಿ ಸವಾರಿ?" ಎಂದರು. "ಮೊಣಕಾಲು ನೋವದರಿ, ಹುಮನಾಬಾದಿನಾಗ ತೋರಿಸ್ಬೇಕು" ಎಂದೆ. ನೀವು ಎಲ್ಲಿಗೆ ಎಂದು ತಿರುಗಿ ಕೇಳುವ ಸಮಾಧಾನ ನನಗೆಲ್ಲಿ? ಸುಳ್ಳಿಗೆ ಸಾಕ್ಷಿ ಬೇಕಲ್ಲ, ಇಳಿದ ಮೇಲೆ ಕುಂಟುತ್ತಲೇ ನಡೆದೆ. ಮಕ್ಕಳ ಡಾಕ್ಟರ ಬಾಗಿಲಲ್ಲಿ ನೋಡುತ್ತೇನೆ, ಪಾಟೀಲ ಸರ್ ಮೊಮ್ಮಗಳ ಕೆಮ್ಮಿಗೆಂದು ಬಂದು ಕೂತಿದ್ದಾರೆ! "ಮೊಣಕಾಲಿಗೆ ಮಕ್ಕಳ ಡಾಕ್ಟರೇನ್ರಿ?" ಎಂದು ಕೇಳಿದರು. ನಾನು ಮೊಣಕಾಲನ್ನೇ ಒತ್ತುತ್ತಾ ಕೂತೆ.

ಡಾಕ್ಟರಮ್ಮ ನನ್ನನ್ನು ಬಿಟ್ಟು ಸಂಜನಾಳ ಜೊತೆಯೇ ಮಾತಾಡಿದರು. ಮೂತ್ರದ ಪರೀಕ್ಷೆ ಮಾಡಿಸಿದರು, ಮಲಬದ್ಧತೆ ಇದೆಯೇ ಎಂದು ವಿಚಾರಿಸಿದರು. "ಇದು ನಿನ್ನ ತಪ್ಪಲ್ಲ ಬೇಟಾ. ಬೆಳದಂಗ ತಾನೇ ಹೋಗ್ತದ. ಶಿಬಿರದ ಮಟ್ಟಿಗೆ ಒಂದು ಗುಳಿಗಿ ಕೊಡ್ತೀನಿ" ಎಂದರು. ಮಲಗುವಾಗ ತೆಗೆದುಕೊಳ್ಳಬೇಕು, ಅದಕ್ಕೆ ಒಂದು ತಾಸು ಮೊದಲಿನಿಂದ ಬೆಳಗಿನ ತನಕ ನೀರು ಕುಡಿಯಬಾರದು, ಮೊದಲು ಮನೆಯಲ್ಲೇ ಪರೀಕ್ಷಿಸಿ ನೋಡಬೇಕು ಎಂದು ಎರಡೆರಡು ಸಲ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಸಣ್ಣವರಿದ್ದಾಗ ನಿಮ್ಮಿಬ್ಬರೊಳಗ ಯಾರಿಗಾದರೂ ಹಿಂಗ ಇತ್ತೇನ್ರಿ?" ಎಂದು ಕೇಳಿದರು.

"ಇಲ್ರಿ, ನಮ್ಮ ಕಡಿ ಯಾರಿಗೂ ಇಲ್ಲ" ಎಂದು ಥಟ್ಟನೆ ಹೇಳಿದೆ. ಶಶಿಕಲಾ ನನ್ನನ್ನು ನೋಡಿದ ನೋಟ ಯಾವ ಗಂಡನಿಗೂ ಬೇಡ.

ಬಸ್ ಸ್ಟ್ಯಾಂಡಿನಲ್ಲಿ ಕೊಡಿಸಿದ ಬಾಳೆಹಣ್ಣನ್ನು ಸಂಜನಾ ಸುಲಿಯಲೂ ಇಲ್ಲ. "ಅಪ್ಪಾ, ನಮ್ಮ ಮನ್ಯಾಗ ನನಗೊಬ್ಬಾಕಿಗೇ ಹಿಂಗೇನು?" ಎಂದಳು. ಹತ್ತು ವರ್ಷದ ಕೂಸಿನ ತಲೆ ಮೇಲೆ ನನ್ನ ಮಾನದ ಮೂಟೆ ಹೊರಿಸಿ ಆರಾಮಾಗಿ ನಿಂತಿದ್ದೆ ನಾನು.

"ನನಗೂ ಇತ್ತವ್ವಾ. ಏಳನೇ ಕ್ಲಾಸಿನ ತನಕ" ಎಂದೆ.

"ಖರೇ? ಮತ್ತ ಡಾಕ್ಟರ ಮುಂದ ಸುಳ್ಳ್ಯಾಕ ಹೇಳ್ದಿ?"

ಶಶಿಕಲಾ ನಡುವೆ ಬಾಯಿ ಹಾಕಿ, "ಅತ್ತೆಯವರು ನನಗ ಮದುವಿ ಆದ ವರ್ಷನೇ ಹೇಳ್ಯಾರ. ನೀವು ಯಾವಾಗ ಬಾಯಿ ಬಿಡ್ತೀರಿ ಅಂತ ಕಾಯಾಕತ್ತಿದ್ದೆ" ಎಂದಳು. ಇನ್ನೇನು ಉಳಿಯಿತು? ನಿಜ ಹೇಳಿ ಬರಲು ಡಾಕ್ಟರ ಹತ್ತಿರ ವಾಪಸು ಓಡಿದೆ. ಮೊಮ್ಮಗಳ ಔಷಧಿ ಕಟ್ಟಿಸಿಕೊಂಡು ಆಗಷ್ಟೇ ದವಾಖಾನೆಯ ಮೆಟ್ಟಿಲು ಇಳಿಯುತ್ತಿದ್ದ ಪಾಟೀಲ ಸರ್ ನನ್ನ ಓಟ ನೋಡಿ, "ಭಾರೀ ಜಲ್ದಿ ಗುಣ ಆಯ್ತಲ್ರಿ!" ಎಂದರು.

ಗುಳಿಗೆ ಶುರುವಾದ ಮೇಲೆ ಎರಡು ಮೂರು ಸಲ ಕೌದಿ ಒದ್ದೆಯಾಯಿತು, ಆಮೇಲೆ ಒಣಗಿಯೇ ಉಳಿಯಿತು. ಗುಳಿಗೆಯನ್ನೂ ಸೂಚನೆಯನ್ನೂ ಶಿಬಿರದ ಟೀಚರ್ ಕೈಗೆ ಕೊಟ್ಟು ಕಳಿಸಿದೆವು. ಮೂರು ದಿನ ನನಗೇ ಅನ್ನ ಸೇರಲಿಲ್ಲ. ಸಂಜನಾ ವಾಪಸು ಬಂದವಳು ಬಸ್ಸಿನಿಂದ ಜಿಗಿದು, "ಒಂದಿನಾನೂ ಆಗಿಲ್ಲ!" ಎಂದು ತಬ್ಬಿಕೊಂಡಳು. ನನ್ನ ಕಣ್ಣು ತುಂಬಿ ಬಂತು. ಆಮೇಲೆ ಹೇಳಿದಳು, ಅಲ್ಲಿ ಇನ್ನೊಬ್ಬ ಹುಡುಗಿಗೆ ಹಾಸಿಗೆಯಲ್ಲಿ ಆಗಿ, ಅವಳು ಒಂದೇ ಸಮ ಅಳುತ್ತಿದ್ದಳಂತೆ. "ನನಗೂ ಆಗ್ತದ, ನಮ್ಮಪ್ಪಗೂ ಆಗ್ತಿತ್ತು, ಈಗ ನೋಡು ಸೈನ್ಸ್ ಸರ್ ಆಗ್ಯಾನ ಅಂದೆ. ನಕ್ಕಳು."

"ಎಲ್ಲರ ಮುಂದ ಅಂದೀ ಏನು?"

"ಹ್ಞೂಂ, ಎಲ್ಲಾರ ಮುಂದ."

ಸೋಮವಾರ ಶಾಲೆಯ ಗೇಟಿನಲ್ಲಿ ಆ ಹುಡುಗಿಯ ತಾಯಿ ಕಾಯುತ್ತಿದ್ದರು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಸರ, ಯಾವ ಡಾಕ್ಟರಂತ ಹೇಳ್ರಿ. ನಿಮಗೂ ಇತ್ತಂತಲ್ಲ?" ಎಂದರು. ಡಾಕ್ಟರ ವಿಳಾಸ ಬರೆದುಕೊಟ್ಟೆ. ಆಮೇಲೆ ಎದೆ ಗಟ್ಟಿ ಮಾಡಿಕೊಂಡು, ನಾಲ್ಕು ಜನಕ್ಕೆ ಕೇಳುವ ಹಾಗೆಯೇ ಹೇಳಿದೆ, "ಹೌದ್ರಿ, ನನಗೂ ಇತ್ತು. ಇದರೊಳಗ ನಾಚಿಕಿ ಎಂಥದ್ದು? ನಾಲ್ಕನೇ ಕ್ಲಾಸಿನ ತನಕ ಇತ್ತು."

ಪಕ್ಕದಲ್ಲಿದ್ದ ಸಂಜನಾ ನನ್ನ ಅಂಗಿ ಜಗ್ಗಿದಳು. "ಏಳನೇದು, ಅಪ್ಪಾ."