ಪೆನಾಂಗಿನ ಗುಡ್ಡದಲ್ಲಿ ಎಳ್ಳುನೀರು

ಚರ್ಚಾಸ್ಪರ್ಧೆಯಲ್ಲಿ ಢಾಲು ಗೆದ್ದವನನ್ನು ದೂರದ ಪ್ರವಾಸಕ್ಕೆ ಕರೆದೊಯ್ಯಬಾರದು. ಅವನು ಸಮುದ್ರಕ್ಕೂ ಪುರಾವೆ ಕೇಳುತ್ತಾನೆ. ಅತ್ತೆ ನನ್ನನ್ನು ಕರೆದೊಯ್ದದ್ದು ಬೇರೆ ಗತಿಯಿಲ್ಲದೆ. ಶಿರಸಿಯಲ್ಲಿ ಮಾವನದು ಪಂಪ್‌ಸೆಟ್ ಅಂಗಡಿ. ಹೆಚ್ಚು ಮಾರಿದ ಡೀಲರುಗಳಿಗೆ ಆ ವರ್ಷ ಕಂಪನಿ ಹಡಗಿನ ಪ್ರವಾಸ ಕೊಟ್ಟಿತು. ಊರಿಗೆಲ್ಲ ನೀರೆತ್ತಿಸಿಕೊಟ್ಟ ಮಾವನಿಗೆ ನೀರೆಂದರೆ ಭಯ. ತದಡಿಯಲ್ಲಿ ದೋಣಿ ದಾಟುವಾಗಲೇ ಕಣ್ಣು ಮುಚ್ಚಿಕೊಳ್ಳುವವರು. ಅವರ ಟಿಕೆಟ್ಟು ನನಗೆ ಬಂತು.

ಹಡಗು ಪೆನಾಂಗಿನಲ್ಲಿ ಒಂದು ಹಗಲು ನಿಲ್ಲುತ್ತದೆಂದು ತಿಳಿದ ದಿನವೇ ಅತ್ತೆ ಕೈಚೀಲಕ್ಕೆ ಎಳ್ಳು ಹಾಕಿಕೊಂಡಿದ್ದಳು. ಅವಳ ಅಪ್ಪಚ್ಚಿ, ಅಂದರೆ ನಮ್ಮಜ್ಜನ ತಮ್ಮ ಸುಬ್ರಾಯ, ಮಹಾಯುದ್ಧದ ಕಾಲಕ್ಕೆ ಸೈನ್ಯ ಸೇರಿ ಪೆನಾಂಗ್ ಇರುವ ಮಲಯಾಕ್ಕೆ ಹೋದವನು ತಿರುಗಿ ಬರಲಿಲ್ಲ. ಹೆಣ ಕಾಣದೆ ಕ್ರಿಯೆ ಮಾಡಕೂಡದೆಂದು ಅವನ ತಾಯಿ ಹಟ ಹಿಡಿದಳಂತೆ. ಅವಳು ಹೋದ ಮೇಲೂ ಯಾರೂ ಆ ಗೋಜಿಗೆ ಹೋಗಲಿಲ್ಲ.

ಅಲ್ಲಿ ಬಸ್ಸು ನಮ್ಮ ಗುಂಪನ್ನು ಒಯ್ದ ಗುಡ್ಡದ ಮೇಲೆ ಯುದ್ಧಕಾಲದ ಫಿರಂಗಿ ಕಟ್ಟೆ, ಅದರಡಿ ಸುರಂಗ. ಗೈಡು ಸಿಪಾಯಿಗಳು ಮಲಗುತ್ತಿದ್ದ ಜಾಗ, ಮದ್ದಿಡುತ್ತಿದ್ದ ಗೂಡು ತೋರಿಸುತ್ತ ನಡೆದ. ಎಲ್ಲರೂ ಫೋಟೋ ತೆಗೆದರು. ಅತ್ತೆ ಮಾತ್ರ ಸೂರು ಮುಟ್ಟಿ ನೋಡಿದಳು. "ಅಪ್ಪಚ್ಚಿ ಉದ್ದ ಇದ್ದಿದ್ನಡ. ಇಲ್ಲಿ ತಲೆ ತಾಗ್ತಿತ್ತೇನ."

ಹೊರಗೆ ಸಮುದ್ರ ಕಾಣುವ ಹುಲ್ಲಿನ ಮೇಲೆ ನಿಂತು ಎಳ್ಳಿನ ಪೊಟ್ಟಣ ಬಿಚ್ಚಿದಳು.

"ತಮಾ, ನೀರು ಬಿಡು. ಹೆಂಗಸ್ರು ಬಿಡಲೆ ಆಗ್ತಿಲ್ಲೆ."

"ಅತ್ತೆ, ಅಂವ ಇಲ್ಲಿಗೆ ಬಂದಿದ್ದ ಹೇಳಲೆ ಸಾಕ್ಷಿ ಎಂತ ಇದ್ದು? ಸತ್ತಿದ್ದಕ್ಕಾರೂ?"

"ಬದುಕಿದ್ದ ಹೇಳಲೆ ನಿನ್ನ ಹತ್ರ ಸಾಕ್ಷಿ ಇದ್ದನ?"

"ಇಲ್ಲೆ. ಆದ್ರೆ..."

"ಹಂಗಾರೆ ಬಾಟ್ಲಿ ತೆಗಿ."

ನಾನು ನೀರಿನ ಬಾಟ್ಲಿಯ ಮುಚ್ಚಳ ತಿರುಗಿಸುತ್ತ ನಡುದಾರಿ ಹುಡುಕಿದೆ. ಯಾರೂ ಇಲ್ಲದವರಿಗೆಲ್ಲ ಸೇರಿಸಿ ಬಿಡುವ ತರ್ಪಣ ಒಂದಿದೆ. ಅದರಲ್ಲಿ ಏನನ್ನೂ ಸಾಬೀತು ಮಾಡಬೇಕಿಲ್ಲ. ಯಾವ ತೀರ್ಪುಗಾರನೂ ಆಕ್ಷೇಪಿಸಲಾಗದ ನಿಲುವು. ಹಾಗೆಂದು ವಿವರಿಸಿದೆ.

"ಗುಂಪಿನಲ್ಲಿ ಸೇರ್ಸಡ," ಎಂದಳು ಅತ್ತೆ. "ಸರ್ಕಾರನೂ ಕಾಣೆಯಾದವ್ರ ಪಟ್ಟಿಲಿ ಅದನ್ನೇ ಮಾಡಿದ್ದು. ಹೆಸರು ಹೇಳು."

ಗೋತ್ರ ಹೇಳಿ, ಹೆಸರು ಹೇಳಿ ನೀರು ಬಿಟ್ಟೆ. ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡು ಹುಲ್ಲಿಗೆ ಹೇಳಿದಳು: "ತಡ ಆತು ಅಪ್ಪಚ್ಚಿ. ಬೇಜಾರು ಮಾಡ್ಕ್ಯಳಡ."

ಅಷ್ಟರಲ್ಲಿ ನಮ್ಮ ಗುಂಪಿನ ಇನ್ನೊಬ್ಬ ಡೀಲರು, ದಾಸನಕೊಪ್ಪದ ಬಸಣ್ಣ, ಕೂಗುತ್ತ ಬಂದರು: "ಬರ್ರಿ ಅಕ್ಕಾರ, ಬಸ್ ಹೊಂಟೈತಿ! ಹಡಗ ತಪ್ಪಿದ್ರ ಈಜಿ ಹೋಗೂದೇನು?" ಎಳ್ಳು ಕಂಡು ಬೂಟು ಕಳಚಿ ಪಕ್ಕದಲ್ಲಿ ನಿಂತರು.

"ತಮ್ಮಾ, ನಮ್ಮ ಮುತ್ಯಾನ ತಮ್ಮನೂ ಈ ಕಡೇನ ಬಂದಾಂವ ತಿರುಗಿ ಬರಲಿಲ್ಲ. ಅವಂಗೂ ಒಂದೀಟು ಬಿಡ್ರಿ."

ದೇವರು, ಜಾತಿ, ಪರಲೋಕ ಯಾವುದನ್ನೂ ಒಪ್ಪದ ನಾನು ಅಂಗೈ ಚಾಚಿಕೊಂಡು ಕೇಳಿದೆ: "ಗೋತ್ರ?"

"ಅದನ್ಯಾಂವ ಬಲ್ಲ? ದಾಸನಕೊಪ್ಪದ ಚನ್ನಪ್ಪ ಅನ್ರಿ. ಅವಂಗ ತಿಳೀತೈತಿ."

ಹಾಗೆಯೇ ಹೇಳಿ ನೀರು ಬಿಟ್ಟೆ. ಕೆಳಗೆ ಬಸ್ಸು ಹಾರ್ನು ಹೊಡೆಯುತ್ತಿತ್ತು. ಆ ಗದ್ದಲದಲ್ಲಿ ಚನ್ನಪ್ಪನಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ.